ಕಂಪ್ಯೂಟರಿನ ದೇವರನ್ನು ಕಳಿಸಿಕೊಟ್ಟ ಆಂಡಾಳಮ್ಮ

ನನ್ನ ಅತ್ತೆ ಆಂಡಾಳಮ್ಮನವರನ್ನು ಎನ್.ಆರ್. ಕಾಲೋನಿಯಲ್ಲಿ ಬಹಳ ಜನ ಬಲ್ಲರು, ಒಬ್ಬೊಬ್ಬರು ಒಂದೊಂದು ಕಾರಣಕ್ಕೆ. ತರಕಾರಿಯವರಿಗೆ ಅವರು ಹುರುಳಿಕಾಯಿಯನ್ನು ಒಂದೊಂದಾಗಿ ಮುರಿದು ನೋಡಿ ಕೊಳ್ಳುವ ಮಾಮಿ. ಬಿನ್ನಿಪೇಟೆಯ ಕಡೆಯ ನಡುವಯಸ್ಸಿನ ಗಂಡಸರಿಗೆ, ಕಿವಿ ಹಿಂಡಿ ಮಗ್ಗಿ ಕಲಿಸಿದ ಟೀಚರು. ಮಿಲ್ಲಿನ ಕೆಲಸಗಾರರ ಮಕ್ಕಳು ಓದುತ್ತಿದ್ದ ಅಲ್ಲಿನ ಪ್ರೈಮರಿ ಶಾಲೆಯಲ್ಲಿ ಅವರು ರಿಟೈರಾಗುವವರೆಗೆ ಪಾಠ ಹೇಳಿದ್ದರು. ಮಿಲ್ಲು ಮುಚ್ಚಿತು, ಮಕ್ಕಳು ದೊಡ್ಡವರಾಗಿ ಆಟೋ, ಅಂಗಡಿ, ಆಫೀಸು ಅಂತ ಚೆದುರಿಹೋದರು. ಆದರೂ ರಸ್ತೆಯಲ್ಲಿ ಟೀಚರನ್ನು ಕಂಡರೆ ಸಿಗರೇಟು ಬಚ್ಚಿಟ್ಟುಕೊಳ್ಳುತ್ತಿದ್ದರು.

ನನಗೆ ಅವರು ಅತ್ತೆ. ನಾವಿಬ್ಬರೂ ಸದಾ ಹಾಲು ಜೇನಿನಂತೆ ಇದ್ದೆವು ಅಂತ ಹೇಳಿದರೆ ನಮ್ಮ ಬೀದಿಯವರು ನಗುತ್ತಾರೆ. ಸಾರಿಗೆ ಇಂಗು ಎಷ್ಟು ಹಾಕಬೇಕು ಎನ್ನುವುದರಿಂದ ಹಿಡಿದು ಮಾವನವರ ರೇಡಿಯೋ ಎಷ್ಟು ಜೋರಾಗಿರಬೇಕು ಎನ್ನುವವರೆಗೆ ನಮಗೆ ಜಗಳಕ್ಕೆ ವಿಷಯಗಳ ಕೊರತೆ ಇರಲಿಲ್ಲ. ಆದರೆ ಒಂದು ಧನುರ್ಮಾಸದಲ್ಲಿ ಅವರು ನಮ್ಮ ಮನೆಯ ಕಂಪ್ಯೂಟರನ್ನೂ ನನ್ನ ಕೆಲಸವನ್ನೂ ಉಳಿಸಿಕೊಟ್ಟರು, ತಮ್ಮದೊಂದು ದೊಡ್ಡ ಸಂತೋಷವನ್ನು ಕೈಯಾರೆ ಬಿಟ್ಟುಕೊಟ್ಟು. ಆ ಋಣ ನನ್ನ ಮೇಲಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಂಪ್ಯೂಟರು ನಮ್ಮ ಮನೆಗೆ ಬಂದದ್ದು ಎರಡು ಸಾವಿರದ ಒಂದನೇ ಇಸವಿಯಲ್ಲಿ. ನಾನು ಡಿ.ಟಿ.ಪಿ. ಕಲಿತು, ಮದುವೆಯ ಆಮಂತ್ರಣ, ಶಾಲೆಗಳ ಪ್ರಶ್ನೆಪತ್ರಿಕೆ, ಸಂಘಗಳ ವಾರ್ಷಿಕ ವರದಿ ಇವನ್ನೆಲ್ಲ ಮನೆಯಲ್ಲೇ ಅಕ್ಷರ ಜೋಡಿಸಿ ಕೊಡಲು ಶುರುಮಾಡಿದ್ದೆ. ಹಜಾರದಲ್ಲಿ ಗಾಳಿ ಬೆಳಕು ಇದ್ದ ಮೂಲೆ ಒಂದೇ, ಅಲ್ಲಿ ಅತ್ತೆಯ ಹೊಲಿಗೆ ಯಂತ್ರ ಇತ್ತು. ಅದನ್ನು ಎತ್ತಿಸಿದ್ದಕ್ಕೆ ಅವರು ಹಲವು ದಿನ ಮುಖ ಊದಿಸಿಕೊಂಡು ಓಡಾಡಿದರು. ಆಮೇಲೆ ಅದೇ ಯಂತ್ರದಲ್ಲಿ ಮಾನಿಟರಿಗೆ ಹೂವಿನ ಬಟ್ಟೆಯ ಗವುಸು ಹೊಲಿದು ತಂದು ಹಾಕಿದರು.

ನಮ್ಮಲ್ಲಿ ಟೆಲಿಫೋನು, ಗ್ಯಾಸು, ಕರೆಂಟು ಎಲ್ಲ ಹಿರಿಯರ ಹೆಸರಿನಲ್ಲಿಯೇ ಇರುವುದು ರೂಢಿ. ಅದೇ ರೂಢಿಯಂತೆ ನನ್ನ ಗಂಡ ವಸಿಷ್ಠ ಮನೆಯ ಇ-ಮೇಲ್ ವಿಳಾಸವನ್ನೂ ಅಮ್ಮನ ಹೆಸರಿನಲ್ಲೇ ತೆರೆದರು. ನನ್ನ ಗಿರಾಕಿಗಳು ಕಳಿಸುವ ಕಾಗದ, ವಸಿಷ್ಠ ಕೆಲಸ ಮಾಡುವ ಕಾಲೇಜಿನ ಕಾಗದ, ಎಲ್ಲ ಬರುತ್ತಿದ್ದದ್ದು ‘ಆಂಡಾಳ್’ ಎಂಬ ಒಂದೇ ವಿಳಾಸಕ್ಕೆ. ಪಾಸ್‌ವರ್ಡು ನಮ್ಮ ಮನೆದೇವರ ಹೆಸರು. ನಮ್ಮ ಮನೆದೇವರು ಯಾರು ಅಂತ ಗೊತ್ತಿಲ್ಲದವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಬೇರೆ ಮನೆಗಳ ಪಾಸ್‌ವರ್ಡುಗಳೂ ಹೀಗೇ ಇದ್ದವು ಎಂದು ಆಮೇಲೆ ತಿಳಿಯಿತು. ಅಷ್ಟು ಭಕ್ತಿಯ ಬೀದಿ ನಮ್ಮದು.

ವಿಳಾಸ ತನ್ನ ಹೆಸರಿನದಾದ ಮೇಲೆ ಬಂದದ್ದನ್ನು ನೋಡುವ ಹಕ್ಕೂ ತನ್ನದೇ ಎಂದು ಅತ್ತೆ ತೀರ್ಮಾನಿಸಿದರು. ಇಲಿಯ ಮೇಲೆ ಕೈಯಿಡಲು, ಕ್ಲಿಕ್ಕಿಸಲು ಬೇಗ ಕಲಿತರು. ಬೆಳಿಗ್ಗೆ ಇಂಟರ್‌ನೆಟ್ ಹಾಕುವುದು ಅವರೇ. ಆಗ ಅದಕ್ಕೆ ಟೆಲಿಫೋನಿನ ತಂತಿಯೇ ಬೇಕಿತ್ತು. ಕಿರ್ರ್ ಎಂದು ಕೂಗಿ ಅದು ಸೇರಿಕೊಂಡಿತೆಂದರೆ ಮನೆಯ ಫೋನು ಬಂದ್.

ಇನ್ನು ಗೋದಾ ಅವರ ವಿಷಯ. ಗೋದಾ ಅತ್ತೆಯ ಒಬ್ಬಳೇ ತಂಗಿ, ಮಲ್ಲೇಶ್ವರಂನಲ್ಲಿ ಮನೆ. ಆಂಡಾಳ್ ಅಂದರೂ ಗೋದಾ ಅಂದರೂ ಒಬ್ಬಳೇ ದೇವಿ. ಇವರ ತಂದೆ ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ದೇವಿಯ ಎರಡು ಹೆಸರು ಇಟ್ಟು ನಿಶ್ಚಿಂತೆಯಿಂದ ಇದ್ದುಬಿಟ್ಟಿದ್ದರು. ಅಕ್ಕತಂಗಿಯರು ವಾರಕ್ಕೊಮ್ಮೆಯಾದರೂ ಸೇರದೆ ಇದ್ದವರಲ್ಲ. ಹಾಗಿದ್ದಾಗ ಗೋದಾ ತನ್ನ ಮಗಳ ಮದುವೆಯ ಕಾಗದವನ್ನು ಅಕ್ಕನಿಗೆ ಅಂಚೆಯಲ್ಲಿ ಕಳಿಸಿದರು. ಮನೆಗೆ ಬಂದು, ಕುಂಕುಮ ಕೊಟ್ಟು, ಬಾಯಿಬಿಟ್ಟು ಕರೆಯಲಿಲ್ಲ. ಓಡಾಟದಲ್ಲಿ ಪುರುಸೊತ್ತಾಗಲಿಲ್ಲ ಎಂದು ಗೋದಾ ಹೇಳಿಕಳಿಸಿದರು. “ಬೀಗರ ಮನೆಗೆ ಹೋಗೋಕೆ ಪುರುಸೊತ್ತಿತ್ತು, ಅಕ್ಕನ ಮನೆಗೆ ಅಂಚೆಯಣ್ಣ” ಎಂದು ಅತ್ತೆ ಕಾಗದವನ್ನು ಒಡೆಯದೆ ಕಪಾಟಿನ ಮೇಲೆ ಎಸೆದರು. ಮದುವೆಗೆ ಹೋಗಲಿಲ್ಲ. ಅವರು ಬರಲಿಲ್ಲವೆಂದು ಗೋದಾಗೂ ಸಿಟ್ಟು. ಅಲ್ಲಿಂದ ಮಾತು ನಿಂತಿತು, ವರ್ಷಗಳು ಉರುಳಿದವು. ಅತ್ತೆಯ ಮಂಡಿ ಸವೆಯಿತು, ಓಡಾಟ ಕಡಿಮೆಯಾಯಿತು. ತಂಗಿಯ ಹೆಸರನ್ನು ಅವರು ಎತ್ತುತ್ತಿರಲಿಲ್ಲ. ಆದರೆ ಗೋದಾಗೆ ಇಷ್ಟವಾದ ಹಾಗಲಕಾಯಿ ಗೊಜ್ಜು ಮಾಡಿದ ದಿನ ಊಟಕ್ಕೆ ಕೂತು ಅನ್ನವನ್ನು ಕಲಸುತ್ತಲೇ ಇರುತ್ತಿದ್ದರು.

ಎರಡು ಸಾವಿರದ ಮೂರರ ಕೊನೆಯಲ್ಲಿ, ಧನುರ್ಮಾಸ ಹಿಡಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಅತ್ತೆ ಹಜಾರದಿಂದ ಕೂಗಿದರು. “ಮೈತ್ರೇಯೀ, ಬಾರೇ ಇಲ್ಲಿ! ಗೋದಾ ಕಾಗದ ಬರೆದಿದಾಳೆ!”

ಕೈಯಲ್ಲಿದ್ದ ಹುಣಸೆಹಣ್ಣನ್ನು ಹಾಗೇ ಬಿಟ್ಟು ಓಡಿದೆ. ಗೋದಾ ಅವರ ಹೆಸರಿನಿಂದ ಒಂದು ಮೇಲ್ ಬಂದಿತ್ತು. ಕಾಗದವೆಂದರೆ ಇಂಗ್ಲಿಷಿನಲ್ಲಿ ಒಂದೇ ಸಾಲು, ‘ದೇವರ ದರ್ಶನ ನಿಮಗಾಗಿ’ ಎಂಬ ಅರ್ಥದ್ದು. ಜೊತೆಯಲ್ಲಿ ಒಂದು ಫೈಲು. ನಾನು ಬರುವಷ್ಟರಲ್ಲಿ ಅತ್ತೆ ಅದನ್ನು ತೆರೆದಾಗಿತ್ತು. ಪರದೆಯ ತುಂಬ ತಿರುಪತಿ ವೆಂಕಟರಮಣ ನಿಂತಿದ್ದ. ಎರಡೂ ಕಡೆ ದೀಪ ಅಲ್ಲಾಡುತ್ತಿತ್ತು, ಮೇಲಿನಿಂದ ಹೂವು ಉದುರುತ್ತಿತ್ತು. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ತಾನಾಗಿ ಪರದೆಯ ಮೇಲೆ ಬರುವ ಚಿತ್ರ ಅದು, ಸ್ಕ್ರೀನ್‌ಸೇವರ್.

ಅತ್ತೆಯ ಕಣ್ಣು ತುಂಬಿತ್ತು. “ಮಂಡಿ ನೋವಿಗೆ ನಾನು ಬೆಟ್ಟ ಹತ್ತೋ ಹಾಗಿಲ್ಲ ಅಂತ ಯಾರೋ ಹೇಳಿರ್ಬೇಕು ಅವಳಿಗೆ. ಬೆಟ್ಟಾನೇ ಇಳಿಸಿ ಕಳಿಸಿದಾಳೆ ನೋಡು.”

“ಜವಾಬು ಬರೆಯೋಣ್ವಾ ಅಮ್ಮ?” ಎಂದೆ. ಗಂಡನಂತೆ ನಾನೂ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆ.

“ಇರು. ಮೊದಲು ಅವಳೇ ಕಳಿಸಿದಾಳಲ್ಲ, ಇನ್ನೊಂದು ಬರಲಿ.” ಬಿಗುಮಾನ ಅಷ್ಟು ಬೇಗ ಕರಗುವಂಥದ್ದಲ್ಲ. ಆದರೆ ಮುಖ ಅರಳಿತ್ತು. ಆವತ್ತಿನಿಂದ ಧನುರ್ಮಾಸದ ಪೂಜೆ, ಪಾಶುರಗಳ ಹಾಡು, ಹುಗ್ಗಿಯ ನೈವೇದ್ಯ ಮುಗಿಸಿ, ಅತ್ತೆ ಕಂಪ್ಯೂಟರಿನ ಮುಂದೆ ಬೆತ್ತದ ಕುರ್ಚಿ ಹಾಕಿಕೊಂಡು ದರ್ಶನಕ್ಕೆ ಕೂಡತೊಡಗಿದರು. ಕೈಮುಗಿದು “ಗೋದಾನ ಚೆನ್ನಾಗಿಡಪ್ಪ” ಎನ್ನುವುದು ಅಡಿಗೆಮನೆಗೆ ಕೇಳಿಸುತ್ತಿತ್ತು. ಮನೆಯಲ್ಲಿ ಯಾರನ್ನೂ ಅವರು ಬಯ್ಯದ ದಿನಗಳವು, ನನಗೆ ಸ್ವಲ್ಪ ಗಾಬರಿಯೇ ಆಗಿತ್ತು.

ಅದೇ ಸಮಯಕ್ಕೆ ನನಗೆ ಅದುವರೆಗಿನ ಅತಿ ದೊಡ್ಡ ಕೆಲಸ ಸಿಕ್ಕಿತ್ತು. ಚಾಮರಾಜಪೇಟೆಯ ಪ್ರೆಸ್ಸಿನ ಶ್ರೀನಿವಾಸಯ್ಯನವರು ಮುಂದಿನ ಯುಗಾದಿಯ ಪಂಚಾಂಗವನ್ನು ನನಗೆ ಕೊಟ್ಟಿದ್ದರು. ತಿಥಿ, ನಕ್ಷತ್ರ, ಘಳಿಗೆ, ರಾಹುಕಾಲ ಎಂದು ಪುಟದ ತುಂಬ ಅಂಕಿಗಳೇ. ಒಂದು ಅಂಕಿ ಹೆಚ್ಚುಕಡಿಮೆಯಾದರೆ ಯಾರದೋ ಮನೆಯ ಶ್ರಾದ್ಧ ತಪ್ಪುತ್ತದೆ. ಸಂಕ್ರಾಂತಿಯೊಳಗೆ ಒಪ್ಪಿಸಬೇಕಿತ್ತು. ಇದನ್ನು ಸರಿಯಾಗಿ ಮಾಡಿದರೆ ಪ್ರತಿ ವರ್ಷವೂ ನನಗೇ ಎಂದಿದ್ದರು.

ಒಂದು ದಿನ ಚೈತ್ರ ಮಾಸದ ಫೈಲು ತೆರೆದೆ, ಒಳಗೆ ಏನೂ ಇಲ್ಲ. ಬಿಳಿ ಹಾಳೆ. ಮರುದಿನ ವೈಶಾಖವೂ ಹಾಗೇ. ಕಂಪ್ಯೂಟರು ತೆವಳುತ್ತಿತ್ತು, ಇಂಟರ್‌ನೆಟ್ ಹಾಕಿದರೆ ನಾನೇನೂ ಕಳಿಸದಿದ್ದರೂ ಮೋಡೆಮ್ಮಿನ ದೀಪಗಳು ಒಂದೇ ಸಮನೆ ಮಿನುಗುತ್ತಿದ್ದವು. ಎದುರು ಮನೆಯ ವೆಂಕಟಾಚಲ ಅವರನ್ನು ಕರೆದೆ.

ವೆಂಕಟಾಚಲ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು, ಸ್ವಯಂನಿವೃತ್ತಿ ತೆಗೆದುಕೊಂಡು, ಕಂಪ್ಯೂಟರಿನ ಹುಚ್ಚು ಹಿಡಿಸಿಕೊಂಡವರು. ಬೀದಿಯ ಕಂಪ್ಯೂಟರುಗಳಿಗೆಲ್ಲ ವೈರಸ್ ತಡೆಯುವ ಪ್ರೋಗ್ರಾಂ ಹಾಕಿ, ಆಗಾಗ ಹೊಸ ಸಿ.ಡಿ. ತಂದು ಅದನ್ನು ನವೀಕರಿಸಿ ಹೋಗುತ್ತಿದ್ದರು. ಫೀಸು ಒಂದು ಲೋಟ ಕಾಫಿ, ಅದೂ ಸ್ಟ್ರಾಂಗಾಗಿರಬೇಕು. ನಮ್ಮ ಯಂತ್ರದ ಮುಂದೆ ಕೂತು ಸ್ವಲ್ಪ ಹೊತ್ತು ನೋಡಿ, ಕನ್ನಡಕ ತೆಗೆದು ಅತ್ತೆಯ ಕಡೆ ತಿರುಗಿದರು.

“ಮಾಮಿ, ಇಲ್ಲೊಂದು ಡಬ್ಬಿ ಬರುತ್ತಲ್ಲ, ಕೆಂಪು ಅಕ್ಷರದ್ದು. ಡಿಲೀಟ್ ಮಾಡ್ಲಾ, ಹಾಗೇ ಬಿಡ್ಲಾ ಅಂತ ಕೇಳೋದು. ಅದಕ್ಕೆ ಯಾರು ಉತ್ತರ ಕೊಟ್ಟಿದ್ದು?”

“ನಾನೇ. ದಿನಾ ಕೇಳುತ್ತೆ, ದಿನಾ ಬಿಡು ಅಂತ ಒತ್ತೀನಿ.”

“ಯಾಕೆ ಮಾಮಿ?”

“ಯಾಕೆ ಅಂದ್ರೆ? ವೆಂಕಟರಮಣನ್ನ ಡಿಲೀಟ್ ಮಾಡೋಕೆ ನಿನಗೆ ಕೈ ಬರುತ್ತೇನೋ? ನಿನ್ನ ಹೆಸರೇನು, ಹೇಳು.”

ವೆಂಕಟಾಚಲ ನಗಲಿಲ್ಲ. ಅವರ ಆ ಗುಣಕ್ಕೆ ನಾನು ಇವತ್ತಿಗೂ ಕೃತಜ್ಞಳು. ಕುರ್ಚಿಯನ್ನು ಅತ್ತೆಯ ಹತ್ತಿರ ಎಳೆದುಕೊಂಡು ಮೆತ್ತಗೆ ಹೇಳಿದರು. “ದೇವರು ಮೇಲೆ ಹೊದಿಸಿರೋ ಶಾಲು ಅಷ್ಟೆ ಮಾಮಿ. ಒಳಗೆ ಕಳ್ಳ ಕೂತಿದಾನೆ. ಮೈತ್ರೇಯಿ ಅವರ ಫೈಲು ಖಾಲಿ ಮಾಡ್ತಿರೋನು ಅವನೇ. ಸಾಲದು ಅಂತ ನಿಮ್ಮ ವಿಳಾಸದ ಪಟ್ಟೀಲಿ ಇರೋರಿಗೆಲ್ಲ ತನ್ನನ್ನ ತಾನೇ ಕಳಿಸ್ಕೋತಾನೆ, ಯಾರದ್ದಾದ್ರೂ ಹೆಸರು ಹಾಕ್ಕೊಂಡು. ನಮ್ಮ ಬೀದಿ ಪಾರ್ವತಮ್ಮನವರ ಮನೇಗೆ ಮೊನ್ನೆ ನಿಮ್ಮ ಹೆಸರಲ್ಲೇ ಬಂದಿತ್ತು.”

“ಹೌದು, ಹಾಲಿನ ಬೂತಿನ ಹತ್ರ ಸಿಕ್ಕಿ, ‘ಮಾಮಿ, ನಿಮ್ಮ ಮನೆಯಿಂದ ದೇವರು ಬಂದ’ ಅಂದಳು. ನಾನೇನೂ ಕಳಿಸಿರಲಿಲ್ಲ. ವಸಿಷ್ಠ ಕಳಿಸಿರ್ಬೇಕು ಅಂದ್ಕೊಂಡೆ.”

“ಅವರೂ ಕಳಿಸಿಲ್ಲ. ಯಾರೂ ಕಳಿಸಿಲ್ಲ.”

ಮಕ್ಕಳ ತಪ್ಪು ಲೆಕ್ಕವನ್ನು ದೂರದಿಂದಲೇ ಹಿಡಿಯುತ್ತಿದ್ದ ಟೀಚರು ಅತ್ತೆ. ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ತಾವೇ ಕೇಳಿದರು. “ಹಾಗಾದ್ರೆ ಗೋದಾನೂ ಕಳಿಸಿಲ್ಲ, ಅಲ್ವೇನೋ?”

ವೆಂಕಟಾಚಲ ತಲೆ ತಗ್ಗಿಸಿದರು. “ಗೊತ್ತಿಲ್ಲ ಮಾಮಿ. ಕಳಿಸಿರೋ ಹಾಗೆ ಕಾಣಲ್ಲ.”

ಅತ್ತೆ ಎದ್ದು ಹಿತ್ತಲಿಗೆ ಹೋದರು. ತುಳಸಿಕಟ್ಟೆಯ ಹತ್ತಿರ ಬಹಳ ಹೊತ್ತು ನಿಂತಿದ್ದರು. ನನಗೆ ಒಂದು ಕಡೆ ಪಂಚಾಂಗದ ಚಿಂತೆ, ಇನ್ನೊಂದು ಕಡೆ ಆ ಬೆನ್ನನ್ನು ನೋಡಿ ಸಂಕಟ. ಆ ಚಿತ್ರವನ್ನು ಅಳಿಸುವುದೆಂದರೆ ತಂಗಿ ತನ್ನನ್ನು ನೆನೆಯಲೇ ಇಲ್ಲ ಎಂದು ಒಪ್ಪಿಕೊಂಡ ಹಾಗೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಂಜೆ ವಸಿಷ್ಠ ಬಂದವರು ವಿಷಯ ಕೇಳಿ, “ಅಮ್ಮ ಮಲಗಿದಾಗ ತೆಗೆದುಹಾಕಿದ್ರಾಯ್ತಪ್ಪ” ಎಂದರು. ವೆಂಕಟಾಚಲ ಒಪ್ಪಲಿಲ್ಲ. “ಮಾಮಿಗೆ ಹೇಳದೆ ನಾನು ಮುಟ್ಟಲ್ಲ. ಅಲ್ಲದೆ ಮೇಲ್‌ನಲ್ಲಿ ಇನ್ನೊಂದು ಬಂದೇ ಬರುತ್ತೆ, ಅವರು ಮತ್ತೆ ತೆಗೀತಾರೆ. ಬಾಗಿಲು ಕಾಯೋರು ಅವರೇ ತಾನೆ? ಅವರ ಮನಸ್ಸಿಗೆ ಬರ್ಬೇಕು” ಎಂದರು. ಅದಾಗುವವರೆಗೆ ಕಂಪ್ಯೂಟರನ್ನು ಹಾಕಬೇಡಿ, ಫೋನಿನ ತಂತಿ ಕಿತ್ತಿಡಿ ಎಂದು ಹೇಳಿ ಹೋದರು. ಅತ್ತೆಯ ಮೇಲೆ ನನಗೆ ಸಿಟ್ಟೂ ಬಂದಿತ್ತು, ಸುಳ್ಳೇಕೆ ಹೇಳಲಿ. ಚೈತ್ರ ವೈಶಾಖಗಳನ್ನು ನುಂಗಿದವನು ನಾಳೆ ಇಡೀ ಸಂವತ್ಸರವನ್ನೇ ನುಂಗಿದರೆ ಶ್ರೀನಿವಾಸಯ್ಯನವರಿಗೆ ಏನು ಹೇಳುವುದು? ಆದರೆ ಬಾಯಿ ತೆರೆಯಲು ಮನಸ್ಸು ಬರಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿದ ಅತ್ತೆ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು, “ವೆಂಕಟಾಚಲನ್ನ ಕರಿ” ಎಂದರು. ವೆಂಕಟಾಚಲ ಬಂದ ಕೂಡಲೇ ಅತ್ತೆಯ ಮೊದಲ ಪ್ರಶ್ನೆ ಸಿದ್ಧವಾಗಿತ್ತು.

“ಅಳಿಸಿದ್ರೆ ಅದು ಎಲ್ಲಿಗೆ ಹೋಗುತ್ತೆ? ಆ ಮೂಲೇಲಿ ಕಸದ ಬುಟ್ಟಿ ಚಿತ್ರ ಇದೆಯಲ್ಲ, ಅಲ್ಲಿಗಾ?”

ಅವರ ಕಷ್ಟ ನನಗಾಗ ಅರ್ಥವಾಯಿತು. ನಮ್ಮ ಮನೆಯಲ್ಲಿ ಹಳೆಯ ಕ್ಯಾಲೆಂಡರಿನ ದೇವರನ್ನು ಕೂಡ ಕಸಕ್ಕೆ ಹಾಕುವಂತಿಲ್ಲ. ವರ್ಷ ಮುಗಿದ ಮೇಲೆ ಅತ್ತೆ ಅದನ್ನು ನೀಟಾಗಿ ಕತ್ತರಿಸಿ, ಕಣ್ಣಿಗೊತ್ತಿಕೊಂಡು, ಅಶ್ವತ್ಥಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದರು. ಒಡೆದ ಗಾಜಿನ ಪಟಗಳೂ ಅಲ್ಲಿಗೇ.

ವೆಂಕಟಾಚಲ ಗಂಭೀರವಾಗಿ, “ಇಲ್ಲ ಮಾಮಿ, ಬುಟ್ಟಿಗೆ ಹೋಗಲ್ಲ. ಈ ಪ್ರೋಗ್ರಾಂ ಅಳಿಸಿದ್ರೆ ನೇರವಾಗಿ ಹೊರಟುಹೋಗುತ್ತೆ. ಎಲ್ಲೂ ಉಳಿಯಲ್ಲ” ಎಂದರು.

“ಸರಿ. ಹಾಗಾದ್ರೆ ಬಂದೋನನ್ನ ಮರ್ಯಾದೆಯಿಂದ ಕಳಿಸೋಣ. ಅವನದ್ದೇನು ತಪ್ಪು ಪಾಪ, ಅವನ ಹೆಸರು ಹೇಳ್ಕೊಂಡು ಕಳ್ಳ ಬಂದ್ರೆ?”

ಮಾನಿಟರಿನ ಮುಂದೆ ಒಂದು ತಟ್ಟೆಯಲ್ಲಿ ಸಕ್ಕರೆ ಇಟ್ಟರು. ಕರ್ಪೂರ ಹಚ್ಚಿ ಮಂಗಳಾರತಿ ಎತ್ತಿದರು. ವೆಂಕಟಾಚಲ ಎದ್ದುನಿಂತು ಕೈಮುಗಿದರು, ಪಕ್ಕದ ರೂಮಿನಿಂದ ಮಾವನವರೂ ರೇಡಿಯೋ ಆರಿಸಿ ಬಂದು ನಿಂತರು. ಪರದೆಯ ಮೇಲೆ ಹೂವು ಉದುರುತ್ತಲೇ ಇತ್ತು. ಅತ್ತೆ ಒಂದು ಸಲ ಪಾದದಿಂದ ಕಿರೀಟದವರೆಗೆ ನೋಡಿದರು. ಇಲಿಯನ್ನು ಅಲ್ಲಾಡಿಸಿದರು. ದೇವರು ಮರೆಯಾಗಿ, ವೆಂಕಟಾಚಲ ತೋರಿಸಿದ ಕೆಂಪಕ್ಷರದ ಡಬ್ಬಿ ಬಂತು. “ಹೋಗಿ ಬಾರಪ್ಪ” ಎಂದು ತಾವೇ ಡಿಲೀಟ್ ಒತ್ತಿದರು.

ಒತ್ತಿದ ಮೇಲೆ ಅತ್ತರು. ಸೆರಗು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ. ನನಗೂ ಅಳು ಬಂತು. ಮಾವನವರು ಏನು ಮಾಡಬೇಕೆಂದು ತೋಚದೆ ಸಕ್ಕರೆಯನ್ನು ಎಲ್ಲರಿಗೂ ಹಂಚಿದರು.

ಯಂತ್ರವನ್ನೆಲ್ಲ ಜಾಲಾಡಿ ಶುದ್ಧ ಮಾಡಲು ವೆಂಕಟಾಚಲರಿಗೆ ಮಧ್ಯಾಹ್ನ ದಾಟಿತು. ಪಾಸ್‌ವರ್ಡಿನಿಂದ ಮನೆದೇವರನ್ನು ಬಿಡಿಸಿ, ಯಾರೂ ಊಹಿಸಲಾರದ್ದನ್ನು ಇಡಿಸಿದರು. ಅದು ಏನೆಂದು ಈಗಲೂ ಹೇಳುವ ಹಾಗಿಲ್ಲ, ಅತ್ತೆಯ ಆಜ್ಞೆ. ಎಲ್ಲ ಮುಗಿದ ಮೇಲೆ ಅತ್ತೆ ಕೇಳಿದರು. “ಇದೇ ಕಳ್ಳ ಗೋದಾ ಮನೇಲೂ ಕೂತಿರ್ತಾನಾ?”

“ಇರಬಹುದು ಮಾಮಿ. ನಿಮ್ಮಿಬ್ಬರ ವಿಳಾಸಾನೂ ಇಟ್ಕೊಂಡಿರೋ ನೆಂಟರು ಯಾರದ್ದೋ ಕಂಪ್ಯೂಟರಿಂದ ಹೊರಟಿರ್ಬೇಕು ಇದು. ಫೋನ್ ಮಾಡಿ ಹೇಳಿಬಿಡಿ.”

“ಇಂಥದ್ದನ್ನ ಫೋನಲ್ಲಿ ಹೇಳೋದಲ್ಲ” ಎಂದರು ಅತ್ತೆ. ನಾನು ಆಟೋ ತರಿಸಲು ಎದ್ದೆ. ಅವರು ನನ್ನ ಕೈ ಹಿಡಿದು ಕೂರಿಸಿದರು. “ಮೊದಲು ನಿನ್ನ ಕೆಲಸ. ಆಮೇಲೆ ಮಲ್ಲೇಶ್ವರಂ.”

ಕಳೆದುಹೋದ ಪುಟಗಳ ಕರಡು ಪ್ರತಿ ಕಾಗದದ ಮೇಲಿತ್ತು. ಅದನ್ನೆಲ್ಲ ಮತ್ತೆ ಕೂರಿಸಬೇಕಿತ್ತು. ಅತ್ತೆ ಬೆತ್ತದ ಕುರ್ಚಿಯಲ್ಲಿ ಕೂತು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಕ್ಲಾಸಿನಲ್ಲಿ ಮಗ್ಗಿ ಹೇಳಿಸುವ ದನಿಯಲ್ಲಿ ಓದಿದರು. “ಚೈತ್ರ ಶುದ್ಧ ಪಾಡ್ಯ... ಹಾಕಿದ್ಯಾ? ಹೇಳು ನೋಡೋಣ. ಸರಿ. ಬಿದಿಗೆ...” ನಾನು ಹಾಕಿದೆ, ತಿರುಗಿ ಓದಿದೆ, ತಪ್ಪಿದಾಗ ಬೈಸಿಕೊಂಡೆ. ದಿನವೂ ಅಡಿಗೆ ಮುಗಿದದ್ದೇ ಕೂತುಬಿಡುತ್ತಿದ್ದೆವು. ತಂಗಿಯ ಮನೆಯ ಯೋಚನೆ ಅವರ ಮುಖದ ಮೇಲೆ ಸದಾ ಕಾಣುತ್ತಿತ್ತು, ಆದರೂ ಒಂದು ಸಲವೂ ಅವಸರ ಮಾಡಲಿಲ್ಲ. ಸಂಕ್ರಾಂತಿಗೆ ಮುಂಚೆಯೇ ಪಂಚಾಂಗ ಶ್ರೀನಿವಾಸಯ್ಯನವರ ಕೈಸೇರಿತು. ಅವರಿಗೆ ಎಲ್ಲೂ ಬೆರಳಿಡಲಾಗಲಿಲ್ಲ. ಅಲ್ಲಿಂದ ಪ್ರತಿ ವರ್ಷವೂ ಆ ಪಂಚಾಂಗ ನನ್ನ ಕೈಯಿಂದಲೇ ಹೊರಟಿದೆ. ಪ್ರತಿ ಯುಗಾದಿಗೆ ಅದನ್ನು ಪೂಜೆಗೆ ಇಡುವಾಗ ನನಗೆ ಆ ದನಿ ಕೇಳಿಸುತ್ತದೆ.

ಪಂಚಾಂಗ ಒಪ್ಪಿಸಿದ ಮರುದಿನವೇ ಮಲ್ಲೇಶ್ವರಂಗೆ ಹೊರಟೆವು. ಆಟೋದ ಅಂಜನಪ್ಪ ಬಿನ್ನಿಪೇಟೆಯಲ್ಲಿ ಅತ್ತೆಯ ಹತ್ತಿರ ಓದಿದವನು. “ಟೀಚರ್, ಹಳ್ಳ ಬಂದ್ರೆ ಹೇಳ್ತೀನಿ, ಗಟ್ಟಿಯಾಗಿ ಹಿಡ್ಕೊಳಿ” ಎನ್ನುತ್ತ ನಿಧಾನವಾಗಿ ಓಡಿಸಿದ. ಸಿ.ಡಿ.ಗಳ ಚೀಲ ತೊಡೆಯ ಮೇಲಿಟ್ಟುಕೊಂಡು ವೆಂಕಟಾಚಲ ಒಂದು ಮೂಲೆಯಲ್ಲಿ ಮುದುಡಿ ಕೂತಿದ್ದರು. ಗೋದಾ ಅವರ ಮನೆಯ ಗೇಟಿನ ಮುಂದೆ ಇಳಿದ ಮೇಲೆ ಅತ್ತೆ ನನ್ನ ತೋಳು ಬಿಗಿಯಾಗಿ ಹಿಡಿದರು. “ಒಳಗೆ ಕರೀದಿದ್ರೆ ಇಲ್ಲಿಂದಲೇ ಹೇಳಿ ಹೋಗಿಬಿಡೋಣ.”

ಬಾಗಿಲು ತೆಗೆದದ್ದು ಗೋದಾ. ತಲೆ ಪೂರ್ತಿ ನೆರೆತಿತ್ತು. ಅಕ್ಕನನ್ನು ನೋಡಿ ಹಾಗೇ ನಿಂತರು. ಆಮೇಲೆ ಕಣ್ಣು ಮಂಡಿಯ ಮೇಲೆ, ಮೂರು ಮೆಟ್ಟಿಲುಗಳ ಮೇಲೆ ಹೋಯಿತು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಇಳಿದು ಬಂದು ಇನ್ನೊಂದು ತೋಳು ಹಿಡಿದರು.

“ಬಾ ಅಕ್ಕ. ನೀನು ಬರ್ತೀಯ ಅಂತ ಗೊತ್ತಿತ್ತು, ಆ ದೇವರನ್ನ ಕಳಿಸಿದಾಗಲೇ.”

ಹಜಾರದ ಮೂಲೆಯಲ್ಲಿ ಕಂಪ್ಯೂಟರು. ಪರದೆಯ ಮೇಲೆ ಅದೇ ವೆಂಕಟರಮಣ, ಅದೇ ದೀಪಗಳು, ಉದುರುವ ಹೂವು. ಮುಂದೆ ಒಂದು ಮಣೆ, ಮಣೆಯ ಪಕ್ಕ ಜಪಮಣಿ. “ನಿನ್ನ ಹೆಸರಲ್ಲಿ ಬಂದಾಗ ನಂಬೋಕೇ ಆಗಲಿಲ್ಲ ಅಕ್ಕ. ದಿನಾ ಬೆಳಿಗ್ಗೆ ಇಲ್ಲೇ ಕೂತ್ಕೋತೀನಿ. ಜವಾಬು ಬರೀಬೇಕು ಅಂದ್ಕೋತೀನಿ, ಏನು ಬರೀಲಿ ಅಂತ ತೋಚಲ್ಲ” ಎಂದರು ಗೋದಾ.

ವೆಂಕಟಾಚಲ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಹೌದು, ನಾನೇ ಕಳಿಸಿದೆ ಅಂದುಬಿಟ್ಟಿದ್ದರೆ ಯಾರಿಗೂ ಏನೂ ನಷ್ಟವಿರಲಿಲ್ಲ. ಅತ್ತೆ ಹಾಗೆ ಮಾಡಲಿಲ್ಲ. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಅದನ್ನ ನಾನು ಕಳಿಸಲಿಲ್ಲ ಕಣೇ ಗೋದಾ. ನನಗೂ ಅದು ಬಂತು, ನಿನ್ನ ಹೆಸರಲ್ಲಿ. ನೀನೂ ಕಳಿಸಿರಲಿಲ್ಲ, ಅಲ್ವಾ? ಯಾವನೋ ಕಳ್ಳ ನಮ್ಮಿಬ್ಬರ ಹೆಸರೂ ಹೇಳ್ಕೊಂಡು ಒಳಗೆ ನುಗ್ಗಿದಾನೆ. ನಮ್ಮ ಮನೇಲಿ ಮೈತ್ರೇಯಿ ಕೆಲಸಾನೆಲ್ಲ ಹಾಳು ಮಾಡ್ತಿದ್ದ. ನಿಮ್ಮನೇಲೂ ಮಾಡ್ತಾನೆ. ಅದನ್ನ ಹೇಳೋಕೆ ಬಂದೆ.”

ಗೋದಾ ಪರದೆಯನ್ನು ನೋಡಿದರು, ಅಕ್ಕನನ್ನು ನೋಡಿದರು. “ಅಷ್ಟು ಹೇಳೋಕೆ ಈ ಮಂಡಿ ಎಳ್ಕೊಂಡು ಬಂದ್ಯಾ? ಒಂದು ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ?”

“ಮನೆಗೆ ಬಂದು ಹೇಳ್ಬೇಕಾದ್ದನ್ನ ಮನೆಗೆ ಬಂದೇ ಹೇಳ್ಬೇಕು.”

ಗೋದಾ ಎದ್ದು ಒಳಗೆ ಹೋದರು. ಸಿಟ್ಟು ಬಂತೇನೋ ಎಂದುಕೊಂಡೆ. ಅವರು ಹೊರಗೆ ಬಂದಾಗ ಕೈಯಲ್ಲಿ ಬೆಳ್ಳಿಯ ಕುಂಕುಮದ ಬಟ್ಟಲಿತ್ತು. ಅಕ್ಕನ ಹಣೆಗೆ ಇಟ್ಟರು. “ಮೊಮ್ಮಗೂಗೆ ಮುಂದಿನ ತಿಂಗಳು ಕಿವಿ ಚುಚ್ಚಿಸ್ತೀವಿ. ಬಂದುಬಿಡಕ್ಕ. ಬಾಯಿಬಿಟ್ಟು ಕರೀತಿದೀನಿ” ಎಂದರು. ಅತ್ತೆ ತಂಗಿಯ ಕೈಯನ್ನು ಬಟ್ಟಲಿನ ಸಮೇತ ಹಿಡಿದುಕೊಂಡು, “ಮದುವೆಗೂ ಬರಬೇಕಿತ್ತು ಕಣೇ ನಾನು” ಎಂದರು. ಇಬ್ಬರೂ ಅತ್ತರು, ಆಮೇಲೆ ಇಬ್ಬರೂ ಒಟ್ಟಿಗೆ ಮೂಗು ಒರೆಸಿಕೊಂಡು ನಕ್ಕರು. ವೆಂಕಟಾಚಲ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಅಲ್ಲಿಯೂ ಸಕ್ಕರೆ, ಕರ್ಪೂರ, ಮಂಗಳಾರತಿ ಎಲ್ಲ ಆಯಿತು. ಗೋದಾ ಕೈ ಹಿಂದೆಗೆದಾಗ ಅತ್ತೆ ಅವರ ಕೈಮೇಲೆ ಕೈಯಿಟ್ಟು ಒತ್ತಿಸಿದರು. ಪರದೆ ಬರಿದಾಯಿತು. “ಇನ್ನು ಬೆಳಿಗ್ಗೆ ಎದ್ದು ಏನು ನೋಡ್ಲಿ?” ಎಂದರು ಗೋದಾ, ಚಿಕ್ಕ ಹುಡುಗಿಯ ಹಾಗೆ.

“ನನಗೆ ಫೋನ್ ಮಾಡು” ಎಂದರು ಅತ್ತೆ.

ಬೀದಿಗೆ ಮರಳಿದ ಮೇಲೆ ಅತ್ತೆ ಒಂದು ಕಟ್ಟುನಿಟ್ಟು ಜಾರಿಗೆ ತಂದರು. ಯಾರಿಂದಲೇ ಮೇಲ್ ಬರಲಿ, ಜೊತೆಗೆ ಫೈಲು ಇದ್ದರೆ ಮೊದಲು ಅವರಿಗೆ ಫೋನು ಮಾಡಿ “ನೀವೇ ಕಳಿಸಿದ್ದಾ?” ಎಂದು ಕೇಳಬೇಕು, ಹೌದೆಂದರೆ ಮಾತ್ರ ತೆರೆಯಬೇಕು. ಪಾರ್ವತಮ್ಮನ ಮನೆಯಿಂದ ಹಿಡಿದು ಎಲ್ಲರ ಗೇಟಿನಲ್ಲೂ ನಿಂತು ಇದನ್ನು ಹೇಳಿ ಬಂದರು. ಕೇಳಲೆಂದು ಮಾಡಿದ ಫೋನಿನಲ್ಲಿ ಯೋಗಕ್ಷೇಮವೂ ಬರುತ್ತಿತ್ತು, ಸೊಸೆಯರ ದೂರೂ ಬರುತ್ತಿತ್ತು. ನಮ್ಮ ಮನೆಯ ಕಂಪ್ಯೂಟರಿಗೆ ಮತ್ತೆ ವೈರಸ್ ಬರಲಿಲ್ಲ.

ಗೋದಾ ಅವರಂತೂ ಮಾತು ತಪ್ಪಲಿಲ್ಲ. ಪ್ರತಿ ಬೆಳಿಗ್ಗೆ ಪೂಜೆ ಮುಗಿಯುತ್ತಲೂ ಮಲ್ಲೇಶ್ವರಂನಿಂದ ಫೋನು. ಕಾಫಿ ಆಯಿತಾ ಎಂಬಲ್ಲಿಂದ ಶುರುವಾದದ್ದು ಅರ್ಧ ಬೆಳಗನ್ನು ನುಂಗುತ್ತಿತ್ತು. ಫೋನು ಬಿಡುವಾಗದೆ ಇಂಟರ್‌ನೆಟ್ ಹಾಕುವಂತಿರಲಿಲ್ಲ. ನನ್ನ ಗಿರಾಕಿಗಳು ಕಾಯುತ್ತಿದ್ದರು, ವಸಿಷ್ಠ ಗೊಣಗುತ್ತಿದ್ದರು. ಅತ್ತೆ ರಿಸೀವರಿಗೆ ಕೈ ಅಡ್ಡ ಹಿಡಿದು, “ಈ ಹೊತ್ತಿಗೆ ಯಾವ ಕಳ್ಳನೂ ಒಳಗೆ ಬರಲಾರ, ಸುಮ್ಮನಿರು” ಎನ್ನುತ್ತಿದ್ದರು. ಆಮೇಲೆ ಫೋನನ್ನು ಮುಟ್ಟದೆಯೇ ಇಂಟರ್‌ನೆಟ್ ಬರುವ ಬೇರೆ ತಂತಿ ಬಂದಾಗ ಬೀದಿಯವರೆಲ್ಲ ಹಾಕಿಸಿಕೊಂಡರು. ನಮ್ಮ ಮನೆಯಲ್ಲಿ ನಾನು ಬಹಳ ಕಾಲ ಹಾಕಿಸಲಿಲ್ಲ. ಬೆಳಿಗ್ಗೆ ಅಡಿಗೆಮನೆಯಲ್ಲಿ ನಿಂತಾಗ ಹಜಾರದಿಂದ ಆ ನಗು ಕೇಳುತ್ತಿತ್ತಲ್ಲ, ನನಗೆ ಅಷ್ಟು ಸಾಕಿತ್ತು.